ಯುಗಾದಿ ಊಟಕ್ಕೆ ಮನೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕೂರುವುದು ಹೇಗೆ?

ಮದ್ದೂರಿನ ಸೊಸೆ ಕೇಳಿದ್ದು:

ನಮ್ಮದು ಮದ್ದೂರಿನ ಹತ್ತಿರ ಒಂದು ಹಳ್ಳಿ. ಬೆಂಗಳೂರಿನಿಂದ ನಾವು, ಮೈಸೂರಿನಿಂದ ಭಾವನ ಮನೆಯವರು, ಮಂಡ್ಯದಿಂದ ನಾದಿನಿ, ಎಲ್ಲರೂ ಯುಗಾದಿಗೆ ಅಲ್ಲಿಗೇ ಹೋಗುತ್ತೇವೆ. ಮಕ್ಕಳು ಮರಿ ಸೇರಿ 18 ಜನ. ಈ ಸಲ ಹಬ್ಬ ಮಾರ್ಚ್ 19, ಗುರುವಾರ ಬಂದಿದೆ. ಮಾರನೇ ದಿನ ವರ್ಷತೊಡಕು, ಮಾಂಸದೂಟದ ದಿನ. ಶುಕ್ರವಾರ ಲಕ್ಷ್ಮಿ, ಶನಿವಾರ ತಿಮ್ಮಪ್ಪ ಅಂತ ಅತ್ತೆ ಈಗಲೇ ಗೊಣಗುತ್ತಿದ್ದಾರೆ. ಬಾಡು ಭಾನುವಾರಕ್ಕೆ ಹೋದರೂ ಹೋಗಬಹುದು. ಹೋದ ವರ್ಷ ತೊಡಕು ಸೋಮವಾರ ಬಿತ್ತು ಅಂತ ಮಂಗಳವಾರಕ್ಕೆ ಹಾಕಿದ್ದರು. ಅದಿರಲಿ.

ಬೆಳಿಗ್ಗೆ ಎಣ್ಣೆನೀರು, ತೋರಣ, ಪೂಜೆ, ಮಾವ ಎಲ್ಲರ ಕೈಗೂ ಬೇವು ಬೆಲ್ಲ ಹಾಕುವುದು. ಅಲ್ಲಿಯವರೆಗೆ ಎಲ್ಲರೂ ಒಟ್ಟಿಗೇ ಇರುತ್ತೇವೆ. ಆಮೇಲೆ ಹಜಾರದಲ್ಲಿ ಎಲೆ ಹಾಕಿದ ಕೂಡಲೇ ಮನೆ ಎರಡಾಗುತ್ತದೆ. ಮಾವ, ಭಾವ, ಮೈದುನ, ನಮ್ಮ ಮನೆಯವರು, ನಾದಿನಿಯ ಗಂಡ, ಮಕ್ಕಳು ಎಲೆ ಮುಂದೆ. ನಾವು ಹೆಂಗಸರು ಅಡುಗೆಮನೆಯಲ್ಲಿ. ಒಬ್ಬರು ತಟ್ಟುವುದು, ಒಬ್ಬರು ಹೆಂಚಿನ ಮುಂದೆ, ಒಬ್ಬರು ಓಡಾಡಿ ಬಡಿಸುವುದು. ಒಬ್ಬಟ್ಟು ಹೆಂಚಿನಿಂದ ನೇರ ಎಲೆಗೆ ಬೀಳಬೇಕು, ಮೇಲೆ ತುಪ್ಪ ಬೀಳಬೇಕು. ಅದು ನಮ್ಮ ಅತ್ತೆಯ ಮರ್ಯಾದೆಯ ಪ್ರಶ್ನೆ.

ಅವರದ್ದು ಮುಗಿದು, ಎಲೆ ತೆಗೆದು, ನೆಲ ಒರೆಸಿ ನಾವು ಕೂರುವಷ್ಟರಲ್ಲಿ ಮೂರು ಗಂಟೆ. ಆಂಬೊಡೆ ಮೆತ್ತಗಾಗಿರುತ್ತದೆ. ಹಪ್ಪಳ ಇರುವುದಿಲ್ಲ. ಮಾವಿನಕಾಯಿ ಚಿತ್ರಾನ್ನದಲ್ಲಿ ಕಡಲೆಬೀಜ ಹುಡುಕಬೇಕು. ಹೆಂಚು ಆರಿರುತ್ತದೆ, ನಮಗೆ ತಣ್ಣನೆ ಒಬ್ಬಟ್ಟು. ಫ್ಯಾನ್ ಕೆಳಗೆ ಮಲಗಿದ ಗಂಡಸರಲ್ಲಿ ಒಬ್ಬರು 'ಕಾಫಿ ಆಗುತ್ತಾ?' ಅಂತ ಕೇಳುವ ಹೊತ್ತಿಗೆ ನಮ್ಮ ಎಲೆಗೆ ಮಜ್ಜಿಗೆ ಬಂದಿರುತ್ತದೆ.

ಮಾವ ಪ್ರತಿ ವರ್ಷ ಮೊದಲ ತುತ್ತಿಗೆ ಮುಂಚೆ ಒಂದು ಮಾತು ಹೇಳುತ್ತಾರೆ. 'ಹಬ್ಬ ಅಂದ್ರೆ ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣೋದು ಕಣ್ರಪ್ಪ.' ಅವರು ಒಳ್ಳೆಯವರು, ಬೂಟಾಟಿಕೆ ಏನಿಲ್ಲ. ಅವರು ಕೂರುವ ಜಾಗದಿಂದ ಅಡುಗೆಮನೆ ಕಾಣುವುದಿಲ್ಲ, ಅಷ್ಟೇ.

ಇಷ್ಟು ವರ್ಷ ನಾನೂ ಸುಮ್ನಿದ್ದೆ. ಹೋದ ವರ್ಷ ನನ್ನ ಮಗಳು ಅವಳಪ್ಪನ ಪಕ್ಕ ಕೂತು ಉಣ್ಣುತ್ತಿದ್ದಳು. 'ನೀನು ಎದ್ದು ತುಪ್ಪ ಬಡಿಸವ್ವ, ನಿಮ್ಮಮ್ಮನಿಗೆ ಕೈ ಬಿಡುವಿಲ್ಲ' ಅಂದರು ಯಾರೋ. ಅವಳಿಗೆ 11 ವರ್ಷ. ಪಕ್ಕದಲ್ಲೇ ಭಾವನ ಮಗ, 15 ವರ್ಷದವನು, ಮೂರನೇ ಒಬ್ಬಟ್ಟು ಮುರಿಯುತ್ತಿದ್ದ. ಅವನಿಗೆ ಯಾರೂ ಹೇಳಲಿಲ್ಲ. ಅವಳು ಎಂಜಲು ಕೈ ತೊಳೆದು ಎದ್ದಳು.

ಜಗಳ ಬೇಡ. ಅಂಗಡಿ ಒಬ್ಬಟ್ಟು ದೇವರ ಮುಂದೆ ಇಡಲ್ಲ ಅನ್ನುವ ಅತ್ತೆ, ವಯಸ್ಸು 71. ನಿಮ್ಮ ಮನೆಗಳಲ್ಲಿ ಇದನ್ನು ಹೇಗೆ ಸರಿ ಮಾಡಿಕೊಂಡಿರಿ?

ಹೆಸರು ಬೇಡ:

ಬಫೆ ಮಾಡಿ. ಎಲ್ಲ ಟೇಬಲ್ ಮೇಲೆ ಇಡಿ, ಬೇಕಾದವರು ಬಡಿಸಿಕೊಳ್ಳಲಿ. ಇಷ್ಟು ಯೋಚನೆ ಯಾಕೆ?

ಮದ್ದೂರಿನ ಸೊಸೆ:

ಎಲೆ ಇಲ್ಲದ ಯುಗಾದಿ ಊಟಕ್ಕೆ ಅತ್ತೆ ಮಾತ್ರ ಅಲ್ಲ, ನಾನೂ ಒಪ್ಪಲ್ಲ. ತಟ್ಟೆ ಹಿಡಿದು ನಿಂತು ತಿನ್ನುವುದನ್ನು ಆಫೀಸಿನಲ್ಲಿ ಮಾಡುತ್ತೇವಲ್ಲ, ಸಾಕು.

ಪುತ್ತೂರಿನವ:

ನಿಮ್ಮ ಪ್ರಶ್ನೆ ಓದಿ ಆಶ್ಚರ್ಯ ಆಯಿತು. ನಮ್ಮ ಕಡೆ ಬಡಿಸುವುದು ಗಂಡಸರ ಕೆಲಸ. ಪೂಜೆ ಇರಲಿ, ಉಪನಯನ ಇರಲಿ, ಶಾಲು ಸೊಂಟಕ್ಕೆ ಕಟ್ಟಿಕೊಂಡು ನಾವೇ ಸುದರಿಕೆಗೆ, ಅಂದರೆ ಬಡಿಸುವ ಓಡಾಟಕ್ಕೆ, ನಿಲ್ಲುತ್ತೇವೆ. ಹೋಳಿಗೆ ಬಂದಾಗ ಅದರ ಹಿಂದೆಯೇ ಕಾಯಿಹಾಲಿನ ಪಾತ್ರೆ ಹಿಡಿದವನು ಬರಬೇಕು. ತಡ ಆದರೆ ಹಿರಿಯರ ಕೈಯಲ್ಲಿ ಬೈಗುಳ. ನಾನು ಹೈಸ್ಕೂಲಿನಲ್ಲಿ ಇರುವಾಗಲೇ ಉಪ್ಪು, ಉಪ್ಪಿನಕಾಯಿಯಿಂದ ಶುರು ಮಾಡಿದವನು. ಅನ್ನದ ಪಾತ್ರೆ ಕೈಗೆ ಸಿಗಬೇಕಾದರೆ ವರ್ಷಗಳು ಬೇಕಾದವು.

ಆದರೆ ಸತ್ಯ ಹೇಳಬೇಕು. ಇದೆಲ್ಲ ಅಂಗಳದಲ್ಲಿ ಚಪ್ಪರ ಹಾಕಿದ ದಿನದ ಮಾತು. ನಮಗೆ ಯುಗಾದಿಗಿಂತ ಏಪ್ರಿಲ್ ನಡುವೆ ಬರುವ ಬಿಸು ದೊಡ್ಡದು. ಅವತ್ತು ಮನೆಯವರು ಮಾತ್ರ ಇರುವುದು. ಅವತ್ತು ಕಾವಲಿ ಮುಂದೆ ಅಮ್ಮನೇ. ನೂರು ಜನರಿಗೆ ಬಡಿಸುವ ಕೈ ಆರು ಜನರಿಗೆ ಯಾಕೆ ಏಳುವುದಿಲ್ಲ ಅಂತ ನನಗೂ ಗೊತ್ತಿಲ್ಲ. ನಿಮ್ಮ ಕಡೆಯೂ ಮದುವೆ ಛತ್ರದಲ್ಲಿ ಅಡುಗೆಯವರು, ಬಡಿಸುವವರು ಹೆಚ್ಚಿನವರು ಗಂಡಸರೇ ಅಲ್ವಾ? ಅಲ್ಲಿ ಯಾರ ಮರ್ಯಾದೆಯೂ ಹೋಗುವುದಿಲ್ಲ. ಭಾವನಿಗೆ ಇದನ್ನೇ ನೆನಪಿಸಿ.

ಧಾರವಾಡದ ಟೀಚರ್:

ನಾನು ನಿವೃತ್ತ ಶಿಕ್ಷಕಿ, ನಿಮ್ಮ ಅತ್ತೆಗಿಂತ ಸ್ವಲ್ಪ ಚಿಕ್ಕವಳು. ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಸಿಟ್ಟಾಗಬೇಡ ತಂಗಿ.

ನಾನು ಮದುವೆಯಾಗಿ ಬಂದ ಮನೆಯಲ್ಲಿಯೂ ಹೆಂಗಸರದ್ದು ಎರಡನೇ ಪಂಕ್ತಿ. ಗಂಡಸರು ಕೈ ತೊಳೆದು ಕಟ್ಟೆಗೆ ಹೋದ ಮೇಲೆ ನಮ್ಮತ್ತೆ ಬಾಗಿಲು ಮುಂದೆ ಮಾಡಿ, ಕಾಲು ಚಾಚಿ ಕೂರುತ್ತಿದ್ದರು. ಹೋಳಿಗೆ, ಕಟ್ಟಿನ ಸಾರು, ಮುಂದೆ ಒಂದು ತಾಸು ಮಾತು. ಯಾರ ಮಗಳಿಗೆ ಎಲ್ಲಿ ವರ ನೋಡಿದ್ದಾರೆ, ಯಾವ ಮನೆಯಲ್ಲಿ ಅಣ್ಣ ತಮ್ಮ ಮಾತು ಬಿಟ್ಟಿದ್ದಾರೆ, ಯಾರ ಬಂಗಾರ ಬ್ಯಾಂಕಿನಲ್ಲಿ ಇದೆ. ನಮ್ಮ ಹೊಲದ ಮೇಲೆ ಸಾಲ ಇದೆ ಅನ್ನುವುದು ನನಗೆ ಗೊತ್ತಾಗಿದ್ದು ಗಂಡನಿಂದ ಅಲ್ಲ, ಆ ಪಂಕ್ತಿಯಲ್ಲಿ. ಹೊಸ ಸೊಸೆಯಾಗಿ ನಾನು ಮೊದಲು ನಕ್ಕಿದ್ದೂ ಅಲ್ಲಿಯೇ. ಗಂಡಸರ ಜೊತೆ ಸಾಲಿನಲ್ಲಿ ಕೂರಿಸಿದ್ದರೆ ತಲೆ ಬಗ್ಗಿಸಿ ಉಂಡು ಏಳುತ್ತಿದ್ದೆ, ಅಷ್ಟೇ.

ಅದಕ್ಕೇ ಹೇಳುವುದು. ನಿಮ್ಮತ್ತೆಯನ್ನು ಮೊದಲು ಕೇಳು. ಆ ಹೊತ್ತು ಅವರಿಗೆ ಇಷ್ಟವಾ, ಅನಿವಾರ್ಯವಾ? ಇಷ್ಟ ಅಂದರೆ ಅದನ್ನು ಕಿತ್ತುಕೊಳ್ಳಬೇಡ.

ನನಗೆ ಬೇಜಾರಾಗುತ್ತಿದ್ದದ್ದು ತಡಕ್ಕಲ್ಲ, ಉಳಿದದ್ದು ತಿನ್ನಬೇಕಲ್ಲ ಅಂತ. ಹರಿದ ಹೋಳಿಗೆ ನಮಗೆ, ದುಂಡಗಿನದು ಅವರಿಗೆ. ಯಜಮಾನಿಕೆ ನನ್ನ ಕೈಗೆ ಬಂದ ಮೇಲೆ ಒಂದು ಬದಲು ಮಾಡಿದೆ. ಬಡಿಸುವುದಕ್ಕೆ ಮುಂಚೆಯೇ ನಮ್ಮ ಪಾಲು ಡಬ್ಬಿಯಲ್ಲಿ ಎತ್ತಿಡುವುದು. ಹೋಳಿಗೆ, ಹಪ್ಪಳ, ಪಲ್ಯ ಎಲ್ಲ. ಹೊರಗೆ ಎಷ್ಟು ಕೇಳಿದರೂ ಆ ಡಬ್ಬಿ ತೆಗೆಯುವಂತಿಲ್ಲ. ಒಂದು ಸಲ ನಮ್ಮವರು 'ಮತ್ತೊಂದು ಹೋಳಿಗಿ ತಾ' ಅಂದರು. 'ಮುಗಿದಾವ್ರೀ' ಅಂದೆ. ಡಬ್ಬಿ ನನ್ನ ಕಾಲ ಬಳಿಯೇ ಇತ್ತು.

ರಾಮನಗರದ ನಾಟಿ:

ಟೀಚರಮ್ಮ, ಡಬ್ಬಿ ಐಡಿಯಾ ಚೆನ್ನಾಗಿದೆ. ಆದರೆ ಆ 11 ವರ್ಷದ ಹುಡುಗಿ ಎದ್ದಳಲ್ಲ, ಅದಕ್ಕೆ ಡಬ್ಬಿ ಉತ್ತರ ಅಲ್ಲ ಅನ್ನಿಸುತ್ತೆ.

ನಾನು ತೊಡಕಿನ ಮಾತು ಹೇಳುತ್ತೇನೆ. ನಮ್ಮೂರಲ್ಲಿ ಈಗಲೂ ಗುಡ್ಡೆ ಮಾಂಸ. ತಿಂಗಳು ತಿಂಗಳು ಚೀಟಿ ಕಟ್ಟಿ, ಆ ದುಡ್ಡಲ್ಲಿ ಕುರಿ ಮೇಕೆ ತಂದು, ಬೆಳಗಿನ ಜಾವ ಕೊಯ್ದು, ಹಾಸಿದ ಎಲೆ ಮೇಲೆ ಸಮ ಸಮ ಗುಡ್ಡೆ ಹಾಕುತ್ತಾರೆ. ಲಿವರ್, ಬೋಟಿ, ತಲೆ, ಮೂಳೆ, ಕೊಬ್ಬು ಎಲ್ಲ ಪ್ರತಿ ಗುಡ್ಡೆಗೂ ಇಷ್ಟಿಷ್ಟು. ನೂರು ಎಕರೆ ಇರಲಿ, ಕೂಲಿ ಮಾಡಲಿ, ಒಂದು ಚೀಟಿಗೆ ಒಂದು ಗುಡ್ಡೆ. ಒಂದು ಮೂಳೆ ಹೆಚ್ಚುಕಮ್ಮಿ ಆದರೂ ಜಗಳ ಬೀಳುತ್ತದೆ, ನಾನೇ ಕಣ್ಣಾರೆ ನೋಡಿದ್ದೇನೆ. ಬೀದಿಯಲ್ಲಿ ಇಷ್ಟು ಲೆಕ್ಕ ಇಡುವ ಜನ, ಅದೇ ಮಾಂಸ ಮನೆಗೆ ಬಂದು ಬೆಂದ ಮೇಲೆ ಒಳ್ಳೆ ಪೀಸು ಯಾರ ತಟ್ಟೆಗೆ ಹೋಯಿತು ಅಂತ ನೋಡುವುದೇ ಇಲ್ಲ. ಹೆಂಗಸರ ಪಾಲಿಗೆ ಬರೀ ಸಾರು.

ನಮ್ಮ ಮನೆಯಲ್ಲಿ ಬದಲಾಗಿದ್ದು ಯಾರೋ ಭಾಷಣ ಮಾಡಿ ಅಲ್ಲ. ಅಮ್ಮ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡರು. ಬಾಡು ಬೇಯಿಸುವುದು ಮೊದಲಿಂದಲೂ ಅಪ್ಪನ ಕೆಲಸ, ಹಿತ್ತಲಲ್ಲಿ ಮೂರು ಕಲ್ಲಿನ ಒಲೆ. ಆದರೆ ಮುದ್ದೆ ಅಮ್ಮನದ್ದು. ಅದೂ ನಿಮ್ಮ ಒಬ್ಬಟ್ಟಿನ ಹಾಗೇ, ಬಿಸಿ ಬಿಸಿ ಬೇಕು ಅಂತ ಒಬ್ಬರನ್ನು ಒಲೆ ಮುಂದೆ ಕಟ್ಟಿ ಹಾಕುತ್ತದೆ. ಆ ವರ್ಷ ನಾನು, ನನ್ನ ತಮ್ಮ ಕೋಲು ಹಿಡಿದು ತೊಳಸಿದೆವು. ಅಮ್ಮ ಗಂಟು ಎಣಿಸುತ್ತಾ ಉಂಡರು. ಆದರೆ ಕೂತು ಉಂಡರು, ಅಪ್ಪನ ಪಕ್ಕ. ಕೈ ಸರಿಯಾದ ಮೇಲೂ ಕೋಲು ವಾಪಸ್ ಕೇಳಲಿಲ್ಲ.

ಅತ್ತೆಗೆ ಹೇಳುವುದಕ್ಕೆ ಒಂದು ದಾರಿ ಇದೆ. ವರ್ಷತೊಡಕಿನ ದಿನ ಏನು ಮಾಡ್ತೀವೋ ವರ್ಷವೆಲ್ಲ ಅದೇ ನಡೆಯುತ್ತದೆ ಅಂತಾರಲ್ಲ. ಅದೇ ನೆಪದಲ್ಲಿ ತಾನೇ ನಮ್ಮ ಗಂಡಸರು ಅವತ್ತು ಅರಳಿಕಟ್ಟೆಯಲ್ಲಿ ಇಸ್ಪೀಟು ಹಾಕುವುದು. 'ಅವತ್ತು ತಣ್ಣಗಾದದ್ದು ಉಂಡ್ರೆ ವರ್ಷವೆಲ್ಲ ತಣ್ಣಗಾದದ್ದೇ ಗತಿ ಅಲ್ವಾ ಅತ್ತೆ' ಅನ್ನಿ. ನಂಬಿಕೆಗೆ ನಂಬಿಕೆಯೇ ಮದ್ದು.

ಮದ್ದೂರಿನ ಸೊಸೆ:

ಎಲ್ಲರಿಗೂ ಥ್ಯಾಂಕ್ಸ್. ಟೀಚರ್ ಹೇಳಿದ ಹಾಗೆ ಅತ್ತೆಗೆ ಫೋನ್ ಮಾಡಿದೆ. ಮೊದಲು 'ನಾನು ಕೂತ್ರೆ ಬಡಿಸೋರ್ಯಾರು?' ಅಂದರು. ಅದು ನಿರೀಕ್ಷಿಸಿದ ಉತ್ತರವೇ. ಆಮೇಲೆ ಮೆಲ್ಲಗೆ ಇನ್ನೊಂದು ಬಂತು. 'ನೆಲದ ಮೇಲೆ ಕೂತ್ರೆ ನಂಗೆ ಏಳಕ್ಕಾಗಲ್ಲ ಕಣವ್ವ. ಗೋಡೆ ಹಿಡ್ಕಂಡು ಗಂಡಸರ ಮುಂದೆ ಒದ್ದಾಡ್ಲಾ? ಅಡುಗೆಮನೆಲಾದ್ರೆ ಸ್ಟೂಲ್ ಇದೆ.' ನಾನು ಸಂಪ್ರದಾಯ ಅಂದುಕೊಂಡಿದ್ದರಲ್ಲಿ ಅರ್ಧ ಮಂಡಿನೋವು!

ಹಾಗಾಗಿ ಶಾಮಿಯಾನದವರಿಗೆ ಹೇಳಿ ಉದ್ದನೆ ಟೇಬಲ್, ಕುರ್ಚಿ ಬಾಡಿಗೆಗೆ ತರಿಸುತ್ತಿದ್ದೇವೆ. ಎಲೆ ಎಲೆಯೇ, ಟೇಬಲ್ ಮೇಲೆ. ದೇವರ ನೈವೇದ್ಯದ ಒಬ್ಬಟ್ಟು ಅತ್ತೆ ಬೆಳಿಗ್ಗೆ ಮಡಿಯಲ್ಲಿ ಮಾಡುತ್ತಾರೆ. ಅದರ ಹಿಂದೆಯೇ ಉಳಿದದ್ದನ್ನೂ ಮಾಡಿ ಮುಗಿಸುವುದು. ಊಟದ ಹೊತ್ತಿಗೆ ಒಲೆ ಆರಿರಬೇಕು, ಇದೊಂದೇ ನನ್ನ ಹಟ. ಎಲ್ಲ ಎಲೆಗೂ ಒಂದು ಸುತ್ತು ಬಡಿಸಿ ಎಲ್ಲರೂ ಕೂರುವುದು. ಎರಡನೇ ಸುತ್ತಿಗೆ ಏಳುವವರು ನಮ್ಮ ಮನೆಯವರು ಮತ್ತು ಭಾವ. ತುಪ್ಪ ಭಾವನ ಮಗನಿಗೆ. ವಾರಗಿತ್ತಿ ಆಗಲೇ ಅವನಿಗೆ ಹೇಳಿಯಾಗಿದೆ. 'ಆಯ್ತು' ಅಂದನಂತೆ, ಅಷ್ಟೇ. ನಾನು ರಾತ್ರಿಯೆಲ್ಲ ಯೋಚನೆ ಮಾಡಿದ್ದೆ.

ಟೀಚರ್ ಹೇಳಿದ ಬಾಗಿಲು ಮುಂದೆ ಮಾಡುವ ಹೊತ್ತನ್ನು ಬಿಡುವುದಿಲ್ಲ. ಊಟ ಆದ ಮೇಲೆ ಎಲೆ ತೆಗೆದು ಒರೆಸುವುದು ಗಂಡಸರು. ನಾವು ಎಲೆಅಡಿಕೆ ಹಿಡಿದು ಒಳಗೆ.

ಮಾವನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಪಂಚಾಯ್ತಿ ಸೇರಿಸುತ್ತಾರೆ. ಕೂತಾಗ ನೋಡಲಿ. ತೊಡಕಿನ ದಿನದ ಮುದ್ದೆ ವಿಷಯ ಈ ವರ್ಷಕ್ಕೆ ಎತ್ತುವುದಿಲ್ಲ, ಒಂದೊಂದೇ ಆಗಲಿ.

ಈಗ ಹೊಸ ಚಿಂತೆ. ಮುಂಚೆ ಮಾಡಿಟ್ಟ ಒಬ್ಬಟ್ಟು ಗಟ್ಟಿಯಾದರೆ ಅತ್ತೆ ಜೀವಮಾನವಿಡೀ ಹೇಳುತ್ತಾರೆ. 18 ಜನಕ್ಕೆ ಎಷ್ಟು ಬೇಳೆ? ಮೆತ್ತಗೆ ಇಡುವುದು ಹೇಗೆ?

ಹಾಸನದ ಅಡುಗೆಯವಳು:

ಒಂದೂವರೆ ಕೆಜಿ ತೊಗರಿಬೇಳೆ ಹಾಕಿ. ಕೆಜಿಗೆ ಗಾತ್ರ ನೋಡಿಕೊಂಡು 45ರಿಂದ 50 ಆಗುತ್ತದೆ. ಊಟಕ್ಕೂ ಆಯಿತು, ಹೊರಡುವಾಗ ನಾದಿನಿಗೆ ಕಟ್ಟಿಕೊಡುವುದಕ್ಕೂ ಆಯಿತು. ಬೇಳೆ ಹಿಸುಕಿದರೆ ಒಡೆಯಬೇಕು, ಕರಗಬಾರದು. ಕಟ್ಟು ಚೆನ್ನಾಗಿ ಬಸಿದಿಡಿ, ಸಾರಿಗೆ ಬೇಕಲ್ಲ. ಬೆಲ್ಲ ಹಾಕಿ ನೀರಿನಂಶ ಹೋಗುವ ತನಕ ಮಗುಚಿ, ಆರಿದ ಮೇಲೆ ಕಾಯಿ, ಏಲಕ್ಕಿ ಹಾಕಿ ರುಬ್ಬಿ. ಹೂರಣ ಹಿಂದಿನ ರಾತ್ರಿಯೇ ರುಬ್ಬಿ ಫ್ರಿಜ್‌ನಲ್ಲಿ ಇಟ್ಟರೆ ಬೆಳಗಿನ ಕೆಲಸ ಅರ್ಧ ಇಳಿಯುತ್ತದೆ. ಸಾರಿಗೆ ಒಂದು ಮುಷ್ಟಿ ಹೂರಣ ಎತ್ತಿಡುವುದನ್ನು ಮರೆಯಬೇಡಿ.

ಮೆತ್ತಗಿರುವುದು ಕಣಕದಲ್ಲಿ ಇದೆ. ಚಿರೋಟಿ ರವೆ, ಸ್ವಲ್ಪ ಮೈದಾ, ಚಿಟಿಕೆ ಅರಿಶಿನ, ಕೈಗೆ ಅಂಟುವಷ್ಟು ಸಡಿಲ. ಮೇಲೆ ಎಣ್ಣೆ ಧಾರಾಳವಾಗಿ ಹುಯ್ದು ಕನಿಷ್ಠ ಎರಡು ಮೂರು ಗಂಟೆ ಬಿಡಿ. ನಾದುವುದರಲ್ಲಿ ಜುಗ್ಗತನ ಮಾಡಬೇಡಿ.

ಬಿಸಿ ಬಿಸಿ ಒಂದರ ಮೇಲೊಂದು ಪೇರಿಸಬೇಡಿ, ಬೆವರಿ ಅಂಟಿಕೊಳ್ಳುತ್ತವೆ. ಬಿಳಿ ಬಟ್ಟೆ ಮೇಲೆ ಬಿಡಿಬಿಡಿಯಾಗಿ ಆರಿಸಿ, ಆಮೇಲೆ ಬಾಳೆಎಲೆ ಹಾಸಿದ ಡಬ್ಬಿಯಲ್ಲಿ ಜೋಡಿಸಿ ಮುಚ್ಚಿ. ಎಲೆ ಹಾಕುವ ಹೊತ್ತಿಗೆ ಹೆಂಚಿನ ಮೇಲೆ ಒಂದೊಂದನ್ನು ಸುಮ್ನೆ ತೋರಿಸಿ ತೆಗೆದರೆ ಸಾಕು.

ತುಪ್ಪ ಬಡಿಸುವ ಹುಡುಗನ ಕೈಗೆ ಚಮಚ ಕೊಡಬೇಡಿ, ಗಿಂಡಿಯೇ ಕೊಡಿ. ಚಮಚ ಕೊಟ್ಟರೆ ತೊಟ್ಟು ತೊಟ್ಟು ಹಾಕುತ್ತಾನೆ.