ರಾಯ್‌ಸ್ಟನ್–ಹಂಟಿಂಗ್ಡನ್ ರಸ್ತೆ: ಎ14 ಇದ್ದದ್ದು ಎ1198 ಆದದ್ದು ಹೇಗೆ?

ನಕ್ಷೆಗಂಟು: ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಹಳೇ ಒಂದಿಂಚಿನ (ಮೈಲಿಗೆ ಒಂದಿಂಚು) ನಕ್ಷೆಯಲ್ಲಿ ಈ ಹಳ್ಳಿಗಾಡಿನ ರಸ್ತೆಗೆ ಎ14 ಎಂದಿದೆ. ಈಗಿನ ಎ14 ನೋಡಿದರೆ ಫೆಲಿಕ್ಸ್‌ಸ್ಟೋ ಬಂದರಿನ ಲಾರಿಗಳು ಓಡುವ ಹೆದ್ದಾರಿ. ನಂಬರ್ ಯಾಕೆ ಬದಲಾಯಿತು? ನಂಬರ್ ನೋಡಿ ನಕ್ಷೆ ಯಾವ ಕಾಲದ್ದೆಂದು ಹೇಳಬಹುದಾ?

ಮೈಲಿಗಲ್ಲು: 1920ರ ದಶಕದ ಆರಂಭದಲ್ಲಿ ಲಂಡನ್‌ನಿಂದ ಹೊರಡುವ ಎ1ರಿಂದ ಎ6ರವರೆಗಿನ ರಸ್ತೆಗಳನ್ನೇ ಗಡಿ ಮಾಡಿ ವಲಯ ಹಂಚಿದರು. ರಸ್ತೆಯ ನಂಬರಿನ ಮೊದಲ ಅಂಕಿ ಅದರ ವಲಯದ್ದು. ಎ1ಕ್ಕೂ ಥೇಮ್ಸ್ ಅಳಿವೆಗೂ ನಡುವಿನದು 1ನೇ ವಲಯ. ರೋಮನ್ನರ ಅರ್ಮಿನ್ ಸ್ಟ್ರೀಟ್ ಮೇಲೇ ನೆಟ್ಟಗೆ ಹೋಗುವ ಈ ರಸ್ತೆ ಅದರೊಳಗಿದೆ, ಹಾಗಾಗಿ ಎ14. ಹಲವು ವಲಯ ದಾಟುವ ರಸ್ತೆಗೆ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಕೊನೆಗೆ ಸಿಗುವ ವಲಯದ ಅಂಕಿ. ಕೆಟ್ಟರಿಂಗ್‌ನಿಂದ ಕೇಂಬ್ರಿಡ್ಜ್‌ಗೆ ಬರುತ್ತಿದ್ದ ಎ604ಕ್ಕೆ 6 ಬಂದದ್ದು ಹೀಗೆ.

1990ರ ದಶಕದ ಆರಂಭದಲ್ಲಿ ಎಂ1 ಮೋಟಾರ್‌ವೇಯನ್ನು ಎ1ಕ್ಕೆ ಜೋಡಿಸುವ ಕೊಂಡಿ ರಸ್ತೆ, ಎ604ರ ಒಂದು ತುಂಡು, ಎ45ರ ಪೂರ್ವ ಭಾಗ ಮೂರನ್ನೂ ಸೇರಿಸಿ ಒಂದೇ ನಂಬರ್ ಕೊಟ್ಟರು. ಕೊಂಡಿ ರಸ್ತೆ ತೆರೆದದ್ದು 1994ರಲ್ಲಿ. ಹೀಗೆ ಸೇರಿಸಿದ ಹೆದ್ದಾರಿಗೆ 14 ಬೇಕಾಯಿತು, ಹಳ್ಳಿ ರಸ್ತೆ ಎ1198 ಆಯಿತು. ವಲಯ ಬದಲಾಗಲಿಲ್ಲ, ಮೊದಲ ಅಂಕಿ 1 ಉಳಿಯಿತು. ನಿಯಮ ಮುರಿದದ್ದು ಹೊಸ ಎ14. ಅದರ ಪಶ್ಚಿಮ ತುದಿ ಕ್ಯಾಥಾರ್ಪ್‌ನಲ್ಲಿದೆ, ಎ1ರಿಂದ ಎಷ್ಟೋ ಪಶ್ಚಿಮಕ್ಕೆ. ಅಲ್ಲಿಂದ ಹೊರಡುವ ರಸ್ತೆಗೆ 1ರ ಅಂಕಿ ಸಲ್ಲದು.

ದಾರಿಪಟ: ಒಂದು ತಿದ್ದುಪಡಿ. ಹಳೆಯ ಎ14ರಲ್ಲಿ ಹಂಟಿಂಗ್ಡನ್‌ನಿಂದಾಚೆ ಆಲ್ಕನ್‌ಬರಿವರೆಗಿನ ತುಂಡು ಆಗ ಎ1198 ಆಗಲಿಲ್ಲ, ಹೊಸ ಎ14ರ ಕವಲಾಗಿ ಉಳಿಯಿತು.

ಕಾಲ ಹಿಡಿಯಲು ಈ ರಸ್ತೆಯ ಕ್ಯಾಕ್ಸ್‌ಟನ್ ಗಿಬೆಟ್ ಕೂಡುರಸ್ತೆ ನೋಡಿ. ಅಲ್ಲಿ ಅಡ್ಡ ಹಾಯುವ ಸೇಂಟ್ ನಿಯೋಟ್ಸ್–ಕೇಂಬ್ರಿಡ್ಜ್ ರಸ್ತೆ ಹಳೆಯ ನಕ್ಷೆಗಳಲ್ಲಿ ಎ45, ಆಮೇಲಿನವುಗಳಲ್ಲಿ ಎ428. ಅದರ ಉತ್ತರಕ್ಕೆ ಪ್ಯಾಪ್‌ವರ್ತ್ ಎವರಾರ್ಡ್ ಊರಿನ ನಡುವೆಯೇ ಎ1198 ಹೋಗುತ್ತಿದ್ದರೆ ನಕ್ಷೆ 2007ಕ್ಕಿಂತ ಹಳೆಯದು, ಆ ವರ್ಷ ಬೈಪಾಸ್ ಬಂತು. ಹಂಟಿಂಗ್ಡನ್–ಕೇಂಬ್ರಿಡ್ಜ್ ರಸ್ತೆಗೆ ಎ1307 ಎಂದಿದ್ದರೆ 2020ರ ಹೊಸ ಎ14 ತೆರೆದ ಮೇಲಿನದು.

ನಕ್ಷೆಗಂಟು: ನನ್ನದರಲ್ಲಿ ಎ14, ಎ45 ಎರಡೂ ಇವೆ. ಅಂಚಿನಲ್ಲಿ ಎರಡು ಇಸವಿ ಅಚ್ಚಾಗಿವೆ, ಯಾವುದನ್ನು ನಂಬಲಿ?

ಮೈಲಿಗಲ್ಲು: ಅಚ್ಚಿನ ಇಸವಿ ಬಿಟ್ಟು ಪರಿಷ್ಕರಣೆಯ ಸಾಲು ಓದಿ. ಊರು, ಹೊಲಗಳನ್ನು ಹಳೆಯ ಸರ್ವೆಯಂತೆಯೇ ಬಿಟ್ಟು ಮುಖ್ಯ ರಸ್ತೆಗಳನ್ನು ಮಾತ್ರ ತಿದ್ದಿ ಮತ್ತೆ ಅಚ್ಚು ಹಾಕುವುದುಂಟು. ಅಂಥ ಹಾಳೆಯಲ್ಲಿ ರಸ್ತೆಯ ನಂಬರ್‌ಗೆ ಒಂದು ಕಾಲ, ಮನೆಗಳಿಗೆ ಇನ್ನೊಂದು. ಸ್ಕಾಟ್‌ಲ್ಯಾಂಡ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ ಒಂದಿಂಚಿನ ಹಳೆಯ ಆವೃತ್ತಿಗಳು ಉಚಿತವಾಗಿವೆ. ಅದೇ ಹಾಳೆಯ ಬೇರೆ ಆವೃತ್ತಿ ತೆರೆದು, ಮೊದಲು ಕ್ಯಾಕ್ಸ್‌ಟನ್ ಗಿಬೆಟ್ ಕೂಡುರಸ್ತೆಯನ್ನೇ ಹೋಲಿಸಿ.