ಬ್ರೇಕ್‌ವಾಟರ್ ಮೇಲೆ ನಿಂತು ನೀರಿನಡಿಯ ಕಲ್ಲು ಹುಡುಕುವುದು ಹೇಗೆ? (ಮಲ್ಪೆ)

ಹೊಸ_ಗಾಳ:

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಈಗ ಕೆಲಸ ಮಣಿಪಾಲದಲ್ಲಿ. ಊರಲ್ಲಿ ತುಂಗೆಗೆ ಗಾಳ ಹಾಕಿ ಅಭ್ಯಾಸ ಇದೆ. ಅಲ್ಲಿ ಬೇಸಿಗೆಯಲ್ಲಿ ಹೊಳೆ ಇಳಿದಾಗ ಬಂಡೆ ಯಾವುದು, ಗುಂಡಿ ಯಾವುದು ಅಂತ ಕಣ್ಣಿಗೇ ಕಾಣುತ್ತದೆ. ಮಲ್ಪೆಯಲ್ಲಿ ಅಲೆ ತಡೆಯಲು ಕಡಲಿಗೆ ಸುರಿದ ಬ್ರೇಕ್‌ವಾಟರ್ ಕಲ್ಲಿನ ಮೇಲೆ ನಿಂತರೆ ಎದುರಿಗೆ ಬರೀ ನೀರು. ಎಲ್ಲಿಗೆ ಎಸೆಯಬೇಕು ಅಂತಲೇ ಗೊತ್ತಾಗುವುದಿಲ್ಲ.

ನನ್ನ ಹತ್ತಿರ ಇರುವುದು 9 ಅಡಿ ರಾಡ್, 4000 ಸೈಜಿನ ರೀಲ್, ಬ್ರೈಡ್ ಲೈನ್ (ಹೆಣೆದ ನೂಲು). ತೋಳಲ್ಲಿ ಶಕ್ತಿ ಇದ್ದಷ್ಟು ದೂರ ಎಸೆಯುತ್ತೇನೆ. ಸಿಕ್ಕರೆ ತೇಡೆ ಮೀನು. ಇಲ್ಲವಾದರೆ ಏಡಿ ಬಂದು ಸಿಗಡಿಯನ್ನು ನೀಟಾಗಿ ತಿಂದು ಹೋಗಿರುತ್ತದೆ. ಪಕ್ಕದಲ್ಲೇ ಹಿರಿಯರೊಬ್ಬರು ರಾಡೂ ಇಲ್ಲದೆ, ಬರೀ ಕೈಯಲ್ಲಿ ನೂಲು ಬಿಟ್ಟು, ಕಾಲಬುಡದಿಂದ ಮುರು ಮೀನು ಎತ್ತುತ್ತಾರೆ. ಕೇಳಿದ್ದಕ್ಕೆ "ಕಲ್ಲು ಇರುವಲ್ಲಿ ಹಾಕಿ" ಅಂದರು. ಕಲ್ಲು ಎಲ್ಲಿದೆ ಅಂದರೆ ನಕ್ಕು ಸುಮ್ಮನಾದರು.

ಬೋಟ್ ಇಲ್ಲದೆ, ದಡದಿಂದಲೇ ಅಡಿಯಲ್ಲಿ ಏನಿದೆ ಅಂತ ತಿಳಿಯುವ ದಾರಿ ಏನು? ಎಸೆಯುವ ಫಿಶ್ ಫೈಂಡರ್ ಅಂತ ಒಂದು ಬರುತ್ತದಲ್ವಾ, ಫೋನಿನಲ್ಲಿ ಆಳ ತೋರಿಸುವಂಥದ್ದು. ಹದಿನೈದಿಪ್ಪತ್ತು ಸಾವಿರ ಕೊಟ್ಟು ಅದನ್ನು ತಗೊಳ್ಳಬಹುದಾ?

ಪಡುಕರೆ_ಬದಿ:

ಮಾರಾಯ್ರೆ, ಆ ದುಡ್ಡು ಸದ್ಯಕ್ಕೆ ಕಿಸೆಯಲ್ಲೇ ಇರಲಿ. ಆ ಹಿರಿಯರು ನಿಮಗೆ ಉತ್ತರ ಕೊಟ್ಟಾಗಿದೆ. ಮೀನು ಎತ್ತಿದ್ದು ಎಲ್ಲಿಂದ? ಕಾಲಬುಡದಿಂದ.

ಆ ಜಾಗದಲ್ಲಿ ಇರುವ ಅತಿ ದೊಡ್ಡ ಕಲ್ಲಿನ ರಾಶಿ ಯಾವುದು ಅಂದರೆ ನೀವು ನಿಂತಿರುವುದೇ. ಬ್ರೇಕ್‌ವಾಟರ್ ಅಂದರೆ ನೆಟ್ಟಗೆ ನಿಂತ ಗೋಡೆ ಅಲ್ಲ. ಸುರಿದ ಕಲ್ಲು ಇಳಿಜಾರಾಗಿ ನೀರಿನಡಿ ಹೊರಕ್ಕೆ ಹರಡಿರುತ್ತದೆ. ಸಾಮಾನ್ಯವಾಗಿ ಒಂದು ಮೀಟರ್ ಆಳಕ್ಕೆ ಒಂದೂವರೆ ಎರಡು ಮೀಟರ್ ಲೆಕ್ಕದಲ್ಲಿ. ಅಂದರೆ ನೀರು 4 ಮೀಟರ್ ಆಳ ಇದ್ದರೆ, ನೀರಿನ ಅಂಚಿನಿಂದ 6ರಿಂದ 8 ಮೀಟರ್ ಆಚೆವರೆಗೂ ಅಡಿಯಲ್ಲಿ ಕಲ್ಲೇ. ಆ ಕಲ್ಲು ಮುಗಿದು ಮರಳು ಶುರುವಾಗುವ ಒಂದು ಗೆರೆ ಇದೆ. ಮುರು, ಕೆಂಬೇರಿ ಮೀನು ಕಾಯುವುದು ಆ ಗೆರೆಯಲ್ಲಿ. ಕಲ್ಲಿನ ಸಂದಿಯಲ್ಲಿ ಮನೆ, ಎದುರಿಗೆ ಮರಳಿನ ಮೇಲೆ ಓಡಾಡುವ ಸಿಗಡಿ, ಸಣ್ಣ ಮೀನು. ನೀವು 60 ಮೀಟರ್ ಎಸೆದರೆ ಅವುಗಳ ತಲೆ ಮೇಲಿಂದ ಹಾರಿಸಿ ಬರೀ ಮರಳಿಗೆ ಹಾಕಿದ ಹಾಗಾಯಿತು. ಮರಳಿನಲ್ಲಿ ತೇಡೆ ಸಿಗದೆ ಇನ್ನೇನು ಸಿಗುತ್ತದೆ? ಕಾಣೆ ಮೀನು ಬೇಕಿದ್ದರೆ ಬೇರೆ ಮಾತು. ಅದಕ್ಕೆ ಮರಳೇ ಬೇಕು.

ಈಗ ಆ ಗೆರೆ ಹುಡುಕುವ ಕೆಲಸ. ಒಂದು ಬೆಳಗ್ಗೆ ಮೀನಿನ ಆಸೆ ಬಿಟ್ಟು ಬನ್ನಿ. ಗಾಳ ಕಟ್ಟಲೇಬೇಡಿ. ನೂಲಿನ ತುದಿಗೆ 40 ಗ್ರಾಂ ಸೀಸ ಒಂದೇ. ಬ್ರೈಡ್ ಇದೆ ಅಂದಿರಿ, ಒಳ್ಳೆಯದಾಯಿತು. ಮೋನೋ (ಒಂದೇ ಎಳೆಯ) ನೂಲು ಎಳೆದರೆ ಉದ್ದವಾಗುತ್ತದೆ, ಅಡಿಯ ಸುದ್ದಿ ಕೈಗೆ ಬರುವಷ್ಟರಲ್ಲಿ ಅರ್ಧ ಮಾಯ.

ಮೊದಲು ಹತ್ತಿರದಲ್ಲೇ ನೇರ ಕೆಳಗೆ ಬಿಡಿ. ರೀಲಿನ ಬೇಲ್ (ನೂಲು ಹಿಡಿಯುವ ತಂತಿ) ತೆರೆದೇ ಇರಲಿ, ನೂಲು ಸಲೀಸಾಗಿ ಹೋಗಲಿ. ಸೀಸ ನೀರಿಗೆ ಬಿದ್ದ ಕೂಡಲೇ ಎಣಿಸಲು ಶುರು ಮಾಡಿ. ನೂಲು ಸಡಿಲಾದರೆ ಅಡಿ ಮುಟ್ಟಿತು ಅಂತ. ಅಲ್ಲಿ ನೂಲು ಹಿಡಿದು, ಮೇಲೆತ್ತಿ, ಎಷ್ಟು ಮೀಟರ್ ಅಂತ ರಾಡಿಗೆ ಹಿಡಿದು ಅಳೆಯಿರಿ. ಎಷ್ಟು ಎಣಿಕೆಗೆ ಎಷ್ಟು ಆಳ ಅಂತ ನಿಮ್ಮ ಸೀಸಕ್ಕೆ, ನಿಮ್ಮ ಎಣಿಕೆಯ ವೇಗಕ್ಕೆ ಲೆಕ್ಕ ಸಿಕ್ಕಿತಲ್ಲ, ಇನ್ನು ಎಲ್ಲಿ ಎಸೆದರೂ ಎಣಿಸಿದರೆ ಆಳ ಗೊತ್ತಾಗುತ್ತದೆ. ಸೀಸದ ತೂಕ ಮಾತ್ರ ಬದಲಾಯಿಸಬೇಡಿ.

ಆಮೇಲೆ ಒಂದೇ ಜಾಗದಲ್ಲಿ ನಿಂತು ಬೀಸಣಿಗೆ ಬಿಡಿಸಿದ ಹಾಗೆ ಎಡದಿಂದ ಬಲಕ್ಕೆ ಎಸೆಯುತ್ತಾ ಹೋಗಿ. ಪ್ರತಿ ಸಲವೂ ಸೀಸವನ್ನು ಅಡಿಯಲ್ಲೇ ನಿಧಾನವಾಗಿ ಎಳೆದುಕೊಳ್ಳಿ. ರೀಲ್ ಸುತ್ತಿ ಎಳೆಯಬೇಡಿ, ರಾಡನ್ನು ಪಕ್ಕಕ್ಕೆ ಎಳೆದು, ಆಮೇಲೆ ಸಡಿಲಾದ ನೂಲನ್ನು ಸುತ್ತಿಕೊಳ್ಳಿ. ತೋರುಬೆರಳು ನೂಲಿನ ಮೇಲೆ ಇರಲಿ. ಎಲ್ಲ ಸುದ್ದಿ ಬರುವುದು ಆ ಬೆರಳಿಗೆ. ಮರಳಾದರೆ ಸೀಸ ಒಂದೇ ಸಮ ಜಾರುತ್ತದೆ, ಸಣ್ಣಗೆ ಸರಸರ ಅನ್ನುತ್ತದೆ. ಕೆಸರಾದರೆ ಶಬ್ದವೇ ಇಲ್ಲ. ಎಳೆಯಲು ಶುರು ಮಾಡುವಾಗ ಹಿಡಿದುಕೊಳ್ಳುತ್ತದೆ, ಮತ್ತೆ ಪಿಚಕ್ ಅಂತ ಬಿಡುತ್ತದೆ. ಪಚ್ಚಿಲೆ (ಕಲ್ಲಿಗೆ ಅಂಟಿ ಬೆಳೆಯುವ ಚಿಪ್ಪಿನ ಜೀವಿ), ಚಿಪ್ಪು ಇದ್ದರೆ ಗರಗರ. ಕಲ್ಲಾದರೆ ಟಕ್, ಬಿಡುವು, ಟಕ್. ಎಳೆತ ಬರಬರುತ್ತಾ ಭಾರವಾಗಿ ಒಮ್ಮೆಲೇ ಹಗುರಾದರೆ ದಿಬ್ಬ ಹತ್ತಿ ಆಚೆ ಬಿತ್ತು ಅಂತ.

ಸರಸರ ಹೋಗಿ ಟಕ್ ಶುರುವಾಯಿತಲ್ಲ, ಅಲ್ಲಿಗೆ ನಿಲ್ಲಿಸಿ. ಅದೇ ಗೆರೆ. ಅಲ್ಲಿಂದ ಸೀಸ ಮೇಲೆ ಬರುವವರೆಗೆ ರೀಲಿನ ಹಿಡಿ ಎಷ್ಟು ಸುತ್ತು ಅಂತ ಎಣಿಸಿ. 4000 ರೀಲಿನಲ್ಲಿ ಒಂದು ಸುತ್ತಿಗೆ ಸುಮಾರು 80 ಸೆಂಟಿಮೀಟರ್ ನೂಲು ಬರುತ್ತದೆ. ಬಣ್ಣ ಬದಲಾಗುವ ಬ್ರೈಡ್ ಆದರೆ ಇನ್ನೂ ಸುಲಭ. ಸಾಮಾನ್ಯವಾಗಿ 10 ಮೀಟರಿಗೊಂದು ಬಣ್ಣ ಇರುತ್ತದೆ. ದಿಕ್ಕಿಗೆ ಎರಡು ಗುರುತು ಬೇಕು. ನಿಂತ ಕಲ್ಲು ಒಂದು, ಎದುರಿನ ದ್ವೀಪದ ತುದಿಯೋ ಆಚೆ ದಡದ ಒಂಟಿ ತೆಂಗೋ ಇನ್ನೊಂದು. ನಿಂತ ಬೋಟನ್ನು ಗುರುತು ಮಾಡಿಕೊಳ್ಳಬೇಡಿ, ನಾಳೆ ಅದು ಅಲ್ಲಿ ಇರುವುದಿಲ್ಲ. ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ನಾನು ಬರೆಯುವುದು ಹೀಗೆ: "ಬಿಳಿ ಬಣ್ಣ ಬಳಿದ ಕಲ್ಲು – ದ್ವೀಪದ ಬಲತುದಿ – 14 ಸುತ್ತು – ಎಣಿಕೆ 5 – ಟಕ್, ಆಚೆ ಮರಳು." ಭರತವೋ ಇಳಿತವೋ ಅದೂ ಪಕ್ಕಕ್ಕೆ. ಎಣಿಕೆ ಬದಲಾಗುತ್ತದೆ ನೋಡಿ.

ಅಡಿಯಲ್ಲಿ ಇರುವುದು ಮರಳೋ ಕೆಸರೋ ಅಂತ ಅನುಮಾನ ಇದ್ದರೆ ಸೀಸದ ತಳದಲ್ಲಿ ಗುಳಿ ಕೊರೆದು ಬಟ್ಟೆ ಸೋಪು ಒತ್ತಿ ಬಿಡಿ. ಹಿಂದೆ ಹಡಗಿನವರು ಆಳ ನೋಡುವ ಸೀಸಕ್ಕೆ ಕೊಬ್ಬು ಮೆತ್ತಿ ಬಿಡುತ್ತಿದ್ದರು, ಅದೇ ಉಪಾಯ. ಹಲಸಿನ ಕಾಲದಲ್ಲಿ ನಾನು ಹಲಸಿನ ಮೇಣ ಮೆತ್ತುತ್ತೇನೆ. ಸೋಪಿಗಿಂತ ಅದೇ ಗಟ್ಟಿ. ಮೇಲೆ ಬರುವಾಗ ಮರಳಿನ ಕಾಳು, ಚಿಪ್ಪಿನ ಚೂರು ಅಂಟಿರುತ್ತದೆ. ಏನೂ ಅಂಟದೆ ಮೇಣದ ಮೇಲೆ ಬರೀ ಗೀರು ಬಿದ್ದಿದ್ದರೆ ಬಂಡೆ.

ಇನ್ನು ಕಣ್ಣಿಗೆ ಕಾಣುವುದನ್ನು ಬಿಡಬೇಡಿ. ನಮ್ಮ ಕರಾವಳಿಯಲ್ಲಿ ದೊಡ್ಡ ಅಮಾವಾಸ್ಯೆ ಹುಣ್ಣಿಮೆಗೂ ನೀರು ಏರಿಳಿಯುವುದು ಒಂದೂವರೆ ಮೀಟರ್ ಆಚೀಚೆ ಅಷ್ಟೇ. ಆದರೆ ಆ ಒಂದೂವರೆ ಮೀಟರ್‌ನಲ್ಲಿ ಎಷ್ಟೋ ಕಲ್ಲಿನ ತಲೆ ಕಾಣಿಸುತ್ತದೆ. ಆ ದಿನ, ಇಲ್ಲವೇ ಮರುದಿನ, ಪೂರ್ತಿ ಇಳಿತದ ಹೊತ್ತಿಗೆ ಬಂದು ಬರೀ ಫೋಟೋ ತೆಗೆದು ಹೋಗಿ. ಇಳಿತದ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಕಡಲ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇನ್‌ಕಾಯ್ಸ್‌ನವರ ವೆಬ್‌ಸೈಟಿನಲ್ಲಿ ಹೊತ್ತು ಸಿಗುತ್ತದೆ.

ಅಳಿವೆ ಬದಿಯಲ್ಲಿ ಇಳಿತದ ನೀರು ಜೋರಾಗಿ ಹೊರಗೆ ಹೋಗುವಾಗ ನೀರಿನ ಮೈ ನೋಡಿ. ನಯವಾಗಿ ಹೋಗುತ್ತಿರುವ ನೀರು ಒಂದು ಕಡೆ ಮಾತ್ರ ಕುದಿಯುವ ಹಾಗೆ ಉಬ್ಬುತ್ತಿದ್ದರೆ ಅಡಿಯಲ್ಲಿ ಏನೋ ಇದೆ. ಉಬ್ಬು ಕಾಣುವ ಜಾಗದಲ್ಲೇ ಕಲ್ಲು ಇರುವುದಿಲ್ಲ. ನೀರು ಕಲ್ಲಿಗೆ ಬಡಿದು ಮೇಲೆ ಬರುವಷ್ಟರಲ್ಲಿ ಮುಂದೆ ಹೋಗಿರುತ್ತದೆ. ಹಾಗಾಗಿ ಉಬ್ಬಿನಿಂದ ಸ್ವಲ್ಪ ಮೇಲಕ್ಕೆ, ನೀರು ಬರುವ ಕಡೆಗೆ ಹಾಕಿ.

ಕೊನೆಗೆ ಜನ. ಪಚ್ಚಿಲೆ ತೆಗೆಯಲು ಮುಳುಗುವವರಿಗೆ ಗೊತ್ತಿರುವಷ್ಟು ಪಾದೆ (ಬಂಡೆ) ಯಾವ ಯಂತ್ರಕ್ಕೂ ಗೊತ್ತಿಲ್ಲ. ಪಚ್ಚಿಲೆ ಬೆಳೆಯುವುದೇ ಗಟ್ಟಿ ಕಲ್ಲಿನ ಮೇಲೆ. ಇನ್ನೊಂದು, ಕೈರಂಪಣಿಯವರು ದಡದಿಂದ ಬಲೆ ಎಳೆಯುವುದನ್ನು ನೋಡಿದ್ದೀರಾ? ಉದ್ದಕ್ಕೂ ಎಳೆಯುತ್ತಾರೆ, ಒಂದು ಜಾಗ ಮಾತ್ರ ಬಿಡುತ್ತಾರೆ. ಯಾಕೆ ಬಿಟ್ಟರು? ಅಲ್ಲಿ ಬಲೆ ಹರಿಯುತ್ತದೆ. ಅವರಿಗೆ ಬೇಡದ ಆ ಜಾಗವೇ ನಮಗೆ ಬೇಕಾದದ್ದು. ಮಾತಾಡಿಸಿ, ಒಂದು ಚಹಾ ಕುಡಿಸಿ, ಖಂಡಿತ ಹೇಳುತ್ತಾರೆ.

ಮತ್ತೆ ರಜಾ ದಿನ ಸಂಜೆ ಸೀ ವಾಕ್ ಕಡೆ ಪ್ರವಾಸಿಗರ ನಡುವೆ ರಾಡ್ ಬೀಸಬೇಡಿ. ಗಾಳ ಯಾರದ್ದಾದರೂ ಕಿವಿಗೆ ಸಿಕ್ಕರೆ ಎಲ್ಲರಿಗೂ ನಿಷೇಧ ಬರುತ್ತದೆ.

ಸೋನಾರ್_ಇದೆ:

ಎಸೆಯುವ ಫಿಶ್ ಫೈಂಡರ್ ನನ್ನ ಹತ್ತಿರ ಇದೆ, ಅದಕ್ಕೇ ಹೇಳುತ್ತಿದ್ದೇನೆ. ಮಂಗಳೂರಲ್ಲಿ ಫಲ್ಗುಣಿ ಹೊಳೆಯ ದಂಡೆಯಲ್ಲಿ ಅದು ಬಂಗಾರ. ನೀರು ಶಾಂತ ಇದ್ದರೆ ಹೊಂಡ, ಏರು ಎಲ್ಲ ಚಂದ ತೋರಿಸುತ್ತದೆ. ಬ್ರೇಕ್‌ವಾಟರ್ ಹತ್ತಿರ ಹಾಗಲ್ಲ. ಅಲೆಗೆ ಅದು ಏರಿಳಿದರೆ ಫೋನಿನಲ್ಲಿ ನೆಲವೇ ಏರಿಳಿದ ಹಾಗೆ ಕಾಣುತ್ತದೆ. ಕಲ್ಲಿಗೆ ಅಲೆ ಬಡಿದು ನೊರೆ ಎದ್ದ ಜಾಗದಲ್ಲಿ ಗಾಳಿಗುಳ್ಳೆಗಳಿಂದ ಇನ್ನೂ ಗೊಂದಲ. ಮತ್ತೆ ಅದು ಆಳ ನೋಡಲು ಬಿಡುವ ಶಬ್ದದ ಕಿರಣ ಅಗಲವಾಗಿ ಹರಡುತ್ತದೆ. ಅಗಲದ ಸೆಟ್ಟಿಂಗ್‌ನಲ್ಲಿ 5 ಮೀಟರ್ ಆಳಕ್ಕೆ ಸುಮಾರು 5 ಮೀಟರ್ ಅಗಲದ ನೆಲವನ್ನು ಒಟ್ಟಿಗೇ ನೋಡುತ್ತದೆ. ಪಡುಕರೆಯವರು ಹೇಳಿದ ಕಲ್ಲು-ಮರಳಿನ ಗೆರೆ ಅದರಲ್ಲಿ ಕರಗಿಹೋಗುತ್ತದೆ. ಕಿರಿದಾದ ಸೆಟ್ಟಿಂಗ್ ಇರುವುದಾದರೆ ಮಾತ್ರ ಯೋಚಿಸಿ.

ದುಡ್ಡು ಖರ್ಚಿಲ್ಲದ ಒಂದು ದಾರಿ ಇದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ನೋಡಬಹುದು. ನವೆಂಬರ್‌ನಿಂದ ಫೆಬ್ರವರಿವರೆಗಿನ, ನೀರು ತಿಳಿಯಾಗಿರುವ ಚಿತ್ರ ಹುಡುಕಿ. ಪ್ರತಿ ವರ್ಷ ಅದೇ ಜಾಗದಲ್ಲಿ ಕಪ್ಪು ಕಲೆ ಕಂಡರೆ ಅದು ಬಂಡೆ ಇರಬಹುದು. ವರ್ಷಕ್ಕೊಂದು ಕಡೆ ಸರಿಯುತ್ತಿದ್ದರೆ ಮರಳಿನ ದಿಬ್ಬ, ಇಲ್ಲವೇ ಮೋಡದ ನೆರಳು. ನೌಕಾಪಡೆಯ ಜಲಮಾಪನ ಕಚೇರಿಯ ನಕ್ಷೆ ಎಲ್ಲಾದರೂ ನೋಡಲು ಸಿಕ್ಕರೆ ಒಂದು ನೆನಪಿಡಿ. ಅದರಲ್ಲಿ ಬರೆದ ಆಳ ತೀರಾ ಇಳಿತದ ಮಟ್ಟದ್ದು. ಆ ಹೊತ್ತಿನ ಭರತದ ಎತ್ತರವನ್ನು ಅದಕ್ಕೆ ಕೂಡಿಸಿಕೊಳ್ಳಬೇಕು.

ಬಹ್ರೈನ್_ಕುಂದಾಪ್ರ:

ಇಲ್ಲಿ ನಮಗೆ ಇಷ್ಟೆಲ್ಲ ಕಷ್ಟ ಇಲ್ಲ. ಬಹ್ರೈನ್ ಸುತ್ತ ನೀರು ಆಳ ಕಡಿಮೆ, ತಿಳಿಯೂ ಹೌದು. ನೀರಿನ ಹೊಳಪು ತಗ್ಗಿಸುವ ಪೋಲರೈಸ್ಡ್ ಕನ್ನಡಕ ಹಾಕಿ ಸೂರ್ಯನಿಗೆ ಬೆನ್ನು ಕೊಟ್ಟು ನಿಂತರೆ ಸಾಕು. ತಿಳಿ ಹಸಿರು ಕಂಡಲ್ಲಿ ಮರಳು, ಕಡು ಬಣ್ಣ ಕಂಡಲ್ಲಿ ಹುಲ್ಲು ಇಲ್ಲವೇ ಕಲ್ಲು. ಕಡಲ ಹುಲ್ಲಿನ ಅಂಚು ಮೆತ್ತಗೆ ಮಸುಕಾಗಿರುತ್ತದೆ, ಕಲ್ಲಿನ ಅಂಚು ಕತ್ತರಿಸಿದ ಹಾಗೆ. ಇಲ್ಲಿಯವರು ಹಮೂರ್ ಅನ್ನುವುದೂ ನಮ್ಮ ಮುರುವಿನ ಜಾತಿಯದ್ದೇ. ಅದೂ ಅಂಚು ಬಿಟ್ಟು ದೂರ ಹೋಗುವುದಿಲ್ಲ.

ಊರಿಗೆ ಬಂದಾಗ ನಾನೂ ಮಲ್ಪೆಗೆ ಹೋಗುವುದುಂಟು. ಜನವರಿಯಲ್ಲಿ, ಬೆಳಗ್ಗೆ ಹತ್ತರ ಮೇಲೆ ಬಿಸಿಲು ನೆತ್ತಿಗೆ ಬರುವ ಹೊತ್ತು, ಅದೇ ಕನ್ನಡಕದಲ್ಲಿ ಬ್ರೇಕ್‌ವಾಟರ್ ಬುಡದ ಮೊದಲೆರಡು ಸಾಲು ಕಲ್ಲು ಕಾಣುತ್ತದೆ. ಮಳೆ ಶುರುವಾದ ಮೇಲೆ ಏನೂ ಇಲ್ಲ, ಬರೀ ಕೆಂಪು ನೀರು.

ಹೊಸ_ಗಾಳ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಬರೀ ಸೀಸ ಕಟ್ಟಿ ನೋಡಿದೆ. ನೋಡಿದವರು ನಕ್ಕರು, ಇರಲಿ. ಸರಸರ, ಟಕ್ ಎರಡೂ ಬೆರಳಿಗೆ ಸರಿಯಾಗಿ ಗೊತ್ತಾಯಿತು! ಒಂದು ಕಡೆ ಟಕ್ ಟಕ್ ಬಂದು, ಬಿಡುವು ಬಂದು, ದೂರದಲ್ಲಿ ಮತ್ತೊಂದು ಟಕ್. ಅದೇನು? ಮತ್ತೆ ಸೀಸ ಸಿಕ್ಕಿಹಾಕಿಕೊಂಡು ಹರಿದು ಹೋಗುತ್ತದೆ. ಇದಕ್ಕೆ ಏನಾದರೂ ಇದೆಯಾ?

ಪಡುಕರೆ_ಬದಿ:

ದೂರದ ಆ ಟಕ್ ಮಳೆಗಾಲದ ಅಲೆಗೆ ಉರುಳಿ ಹೋದ ಒಂಟಿ ಕಲ್ಲು ಇರಬಹುದು. ಅದನ್ನು ಬರೆದಿಡಿ, ಯಾರಿಗೂ ಹೇಳಬೇಡಿ. ಸುತ್ತ ಮರಳು, ನಡುವೆ ಒಂದೇ ಕಲ್ಲು ಅಂದರೆ ಮೀನಿಗೆ ಅಡಗಲು ಬೇರೆ ಜಾಗವೇ ಇಲ್ಲ. ಆದರೆ ಪ್ರತಿ ವರ್ಷ ಹೊಸದಾಗಿ ನೋಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಬೋಟಿನವರಿಗೆ ರಜೆ ಇರುತ್ತದಲ್ಲ, ಆ ಅಬ್ಬರದಲ್ಲಿ ಮರಳು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಹೋದ ವರ್ಷದ ಕಲ್ಲು ಹೂತು ಹೋಗಿ, ಹೊಸದೊಂದು ಮೇಲೆ ಬಂದಿರುತ್ತದೆ. ಆ ಎರಡು ತಿಂಗಳು ಮಾತ್ರ ನೀವು ಕಲ್ಲಿನ ಮೇಲೆ ಹತ್ತಬೇಡಿ.

ಸೀಸ ಹೋಗುವುದಕ್ಕೆ: ಮುಖ್ಯ ನೂಲಿಗೆ ನೇರ ಕಟ್ಟಬೇಡಿ. ನಡುವೆ ಒಂದು ಗೇಣು ತೆಳ್ಳಗಿನ, ಕಡಿಮೆ ಶಕ್ತಿಯ ಮೋನೋ ಹಾಕಿ, ಅದರ ತುದಿಗೆ ಸೀಸ. ಸಿಕ್ಕಿಕೊಂಡರೆ ಆ ತುಂಡು ಮಾತ್ರ ಹರಿಯುತ್ತದೆ, ಗಾಳ, ಬ್ರೈಡ್ ಎಲ್ಲ ಉಳಿಯುತ್ತದೆ. ಆಳ ಎಣಿಸಲು ಸೀಸವೇ ಇರಲಿ. ಮೀನಿಗೆ ಹಾಕುವಾಗ ಸೀಸ ಯಾಕೆ ಹಾಳು ಮಾಡುತ್ತೀರಿ? ಗ್ಯಾರೇಜಿನಲ್ಲಿ ಹಳೆಯ ಸ್ಪಾರ್ಕ್ ಪ್ಲಗ್ ಕೇಳಿ, ಪುಕ್ಕಟೆ ಕೊಡುತ್ತಾರೆ. ಭಾರಕ್ಕೆ ಅದನ್ನೇ ಕಟ್ಟಿ.

ಇನ್ನು ಮುರು ಕಚ್ಚಿದರೆ ಆಟ ಆಡಿಸುತ್ತಾ ನಿಲ್ಲಬೇಡಿ. ಕಚ್ಚಿದ ಕೂಡಲೇ ಅದು ಸಂದಿಗೆ ನುಗ್ಗುತ್ತದೆ, ಮೊದಲ ಎರಡು ಮೂರು ಸುತ್ತು ಜೋರಾಗಿ ಎಳೆದುಬಿಡಿ. ನುಗ್ಗಿಯೇಬಿಟ್ಟರೆ ಎಳೆದಷ್ಟೂ ಒಳಗೆ ಮೈ ಉಬ್ಬಿಸಿ ಕೂರುತ್ತದೆ, ನೂಲು ಕಲ್ಲಿಗೆ ತಾಗಿ ಹರಿಯುತ್ತದೆ. ಆಗ ನೂಲು ಪೂರ್ತಿ ಸಡಿಲ ಬಿಟ್ಟು ಒಂದು ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ತಾನಾಗಿಯೇ ಹೊರಗೆ ಬಂದರೆ ನೂಲು ಸರಿಯುವುದು ಕಾಣುತ್ತದೆ, ಆಗ ಎತ್ತಿ.