ಊರಿನ ಯುವಕ ಸಂಘದಲ್ಲಿ ಹುಡುಗ್ರನ್ನ ಮುಂದೆ ತರೂದು ಹ್ಯಾಗೆ? ಅನುಭವ ಇದ್ದೋರು ಹೇಳಿ

ಕುಮಟಾ ಕಡೆಯಿಂದ, ಕೇಳಿದ್ದು:
ಎಲ್ರಿಗೂ ನಮಸ್ಕಾರ. ನಮ್ಮೂರಲ್ಲಿ ಯುವಕ ಸಂಘ ಉಂಟು, ಅಪ್ಪಂದಿರ ಕಾಲದ್ದು. ಗಣಪತಿ ಕೂರ್ಸೂದು, ಬೇಸಿಗೆಲಿ ಹೊನಲು ಬೆಳಕಿನ ವಾಲಿಬಾಲ್, ವರ್ಷಕ್ಕೊಂದು ಯಕ್ಷಗಾನ ಆಟ ಆಡ್ಸೂದು, ಇದೆಲ್ಲ ಭರ್ಜರಿ ನಡೀತದೆ. ಆದ್ರೆ ಕೆಲಸ ಎಲ್ಲ ಅದೇ ಮೂರ್ನಾಲ್ಕು ಹಿರಿಯರ ಕೈಲಿ. ಪಿಯುಸಿ, ಡಿಗ್ರಿ ಓದೂ ಹುಡುಗ್ರು ಕುರ್ಚಿ ಹಾಕೂಕೆ, ಕಾಯಿ ಸುಲಿಯೂಕೆ ಮಾತ್ರ. ಮೈಕ್ ಕೊಟ್ರೆ ಓಡ್ತಾರೆ, ಪಂಚಾಯ್ತಿಗೆ ಒಂದು ಅರ್ಜಿ ಬರಿಯೂಕೆ ಬರೂದಿಲ್ಲ, ಹೆಣ್ಮಕ್ಕಳಂತೂ ಸಂಘದ ಹತ್ರನೇ ಸುಳಿಯೂದಿಲ್ಲ. ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರ ಮಾಡ್ಸೂಣ ಅಂತ ಕೆಲವ್ರು ಹೇಳ್ತಿದಾರೆ. ಉಪಯೋಗ ಆಗ್ತದಾ? ಮಾಡಿ ನೋಡಿದೋರು ಹೇಳಿ.

ಅಂಕೋಲಾದಿಂದ:
ಶಿಬಿರ ಬೇಡ ಅಂತಲ್ಲ, ಆದ್ರೆ ಅದ್ರಿಂದ ಶುರು ಮಾಡ್ಬೇಡಿ. ಯಾರೋ ಬಂದು ನಾಯಕತ್ವದ ಬಗ್ಗೆ ಚಂದ ಮಾತಾಡಿ ಹೋಗ್ತಾರೆ, ಸರ್ಟಿಫಿಕೇಟ್ ಸಿಗ್ತದೆ, ಗ್ರೂಪ್ ಫೋಟೋ ಆಗ್ತದೆ, ಮೂರನೇ ದಿನ ಮತ್ತೆ ಅದೇ ನಾಲ್ಕು ಜನ ಓಡಾಡ್ತಿರ್ತಾರೆ. ನಿಮ್ಮ ಹತ್ರ ಆಗ್ಲೇ ಒಳ್ಳೇ ಶಾಲೆ ಉಂಟು, ನಿಮ್ಮ ವಾಲಿಬಾಲ್ ಟೂರ್ನಮೆಂಟೇ ಅದು. ಒಂದು ರಾತ್ರಿ ಪಂದ್ಯ ನಡಿಸ್ಬೇಕಂದ್ರೆ ಎಂತೆಂತ ಬೇಕು ನೋಡಿ, ಮೈದಾನಕ್ಕೆ ಒಪ್ಪಿಗೆ, ಪೊಲೀಸ್ ಸ್ಟೇಶನ್ನಿಗೆ ಅರ್ಜಿ, ಹೆಸ್ಕಾಂನಲ್ಲಿ ಲೈಟಿಗೆ ಟೆಂಪರರಿ ಕನೆಕ್ಷನ್, ದೇಣಿಗೆ, ಹ್ಯಾಂಡ್‌ಬಿಲ್, ತಂಡಗಳಿಗೆ ಫೋನು, ರೆಫರಿ, ಊಟ, ಬಹುಮಾನ, ಮತ್ತೆ ರಾತ್ರಿ ಎರಡು ಗಂಟೆಗೆ ಬಾಲ್ ಔಟೋ ಇನ್ನೋ ಅಂತ ಎರಡು ಊರಿನೋರು ಎದುರುಬದುರು ನಿಂತ್ರೆ ಸಮಾಧಾನ ಮಾಡೂದು. ವಿಶ್ವ ಆರೋಗ್ಯ ಸಂಸ್ಥೆ ಜೀವನ ಕೌಶಲ ಅಂತ 10 ವಿಷಯ ಪಟ್ಟಿ ಮಾಡಿದೆ, ನಿರ್ಧಾರ ತಗೊಳ್ಳೂದು, ಸಮಸ್ಯೆ ಬಿಡ್ಸೂದು, ಮಾತುಕತೆ, ಬೇರೆಯವ್ರ ಕಷ್ಟ ತಿಳ್ಕೊಳ್ಳೂದು, ಸಿಟ್ಟು-ಒತ್ತಡ ತಡ್ಕೊಳ್ಳೂದು ಎಲ್ಲ ಅದ್ರಲ್ಲಿ ಬರ್ತದೆ. ಇವೆಲ್ಲ ಆ ಒಂದು ರಾತ್ರಿಲೇ ಬೇಕಾಗ್ತದೆ, ಆದ್ರೆ ಹುಡುಗ್ರಿಗೆ ಆ ಕೆಲಸ ಕೊಟ್ರೆ ಮಾತ್ರ.

ನಾವು ಮಾಡಿದ್ದು ಇಷ್ಟೇ. ಪ್ರತಿ ಕೆಲಸಕ್ಕೂ ಒಬ್ಬ ಗೊತ್ತಿದ್ದವ, ಜೊತೆಗೆ ಒಬ್ಬ ಹೊಸಬ. ಮುಂದಿನ ವರ್ಷ ಆ ಹೊಸಬನೇ ಜವಾಬ್ದಾರಿ ಹೊರ್ಬೇಕು, ಅವ್ನ ಕೈಕೆಳಗೆ ಇನ್ನೊಬ್ಬ ಹೊಸಬ. ಹಳಬ ಸುಮ್ನೆ ಬದಿಗೆ ನಿಂತಿರ್ಬೇಕು, ಕೇಳಿದ್ರೆ ಮಾತ್ರ ಹೇಳ್ಬೇಕು. ಇದು ಹೇಳಿದಷ್ಟು ಸುಲಭ ಅಲ್ಲ, ಹಳಬರಿಗೆ ಕೈ ಕಟ್ಟಿ ನಿಲ್ಲೂದೇ ಕಷ್ಟ!

ಮತ್ತೊಂದು, ಟೂರ್ನಮೆಂಟ್ ಮುಗಿದ ವಾರದೊಳಗೆ ಜಮಾ-ಖರ್ಚು ಊರಿನೋರ ಎದುರು ಓದ್ಬೇಕು, ಓದೂದು ಹುಡುಗ್ರೇ. ನಮ್ಮಲ್ಲಿ ಐಟಿಐ ಓದೂ ಹುಡುಗ ಒಬ್ಬ, ಮಾತೇ ಆಡ್ತಿರ್ಲಿಲ್ಲ, ಅವ್ನ ಕೈಗೆ ಪುಸ್ತಕ ಕೊಟ್ರು. ದೇವಸ್ಥಾನದ ಜಗಲಿಲಿ ನಿಂತು ಓದೂವಾಗ ಹಾಳೆ ನಡುಗ್ತಿತ್ತು. ನಡುವೆ ಹಿರಿಯರೊಬ್ರು ತಡೆದು "ಪೆಂಡಾಲಿನವನಿಗೆ ಕೊಟ್ಟದ್ದಕ್ಕೆ ರಸೀದಿ ಎಲ್ಲಿ ತಮ್ಮಾ?" ಅಂದ್ರು. ಅವ ಫೈಲ್ ತಿರುವಿ, ರಸೀದಿ ತೆಗೆದು ಅವ್ರ ಕೈಲೇ ಕೊಟ್ಟ, ಅವ್ರು ಕನ್ನಡಕ ಹಾಕಿ ನೋಡಿ "ಸರಿ ಉಂಟು, ಮುಂದೆ ಓದು" ಅಂದ್ರು. ಅದಾದ್ಮೇಲೆ ಅವ ಗ್ರಾಮ ಸಭೆಲಿ ಎದ್ದು ನಿಂತು ಬೀದಿದೀಪದ ಬಗ್ಗೆ ಕೇಳುವಷ್ಟು ಆದ. ಯಾವ ಭಾಷಣ ಸ್ಪರ್ಧೆನೂ ಅವ್ನಿಗೆ ಅಷ್ಟು ಧೈರ್ಯ ಕೊಡ್ತಿರ್ಲಿಲ್ಲ ಅಂತ ನನ್ನ ನಂಬಿಕೆ.

ಹೊನ್ನಾವರದಿಂದ ಒಬ್ಬ ಅಕ್ಕ:
ಮೇಲಿನ ಅಣ್ಣ ಹೇಳಿದ್ದು ಹೌದು, ಆದ್ರೆ ಅದ್ರಲ್ಲಿ ಹೆಣ್ಮಕ್ಕಳ ಮಾತೇ ಇಲ್ಲ. ನಮ್ಮ ಕಡೆ ಕಾರ್ಯಕ್ರಮ ಅಂದ್ರೆ ಹುಡುಗೀರಿಗೆ ಪ್ರಾರ್ಥನೆ, ಆರತಿ ತಟ್ಟೆ, ಅತಿಥಿಗೆ ಹೂ ಕೊಡೂದು, ಅಷ್ಟೇ. ಮುಂದಿನ ಸಾಲಿಗೆ ಕರ್ದಂಗೆ ಕಾಣ್ತದೆ, ನಿರ್ಧಾರ ಮಾಡೂವಾಗ ಯಾರೂ ಕೇಳೂದಿಲ್ಲ. ನಿಮ್ಮಲ್ಲಿ ಖಂಡಿತ ಮಾಡ್ಬೇಕಾದ್ದು ಅಂದ್ರೆ ಖಜಾಂಚಿ ಅಥವಾ ಕಾರ್ಯದರ್ಶಿ, ಎರಡ್ರಲ್ಲಿ ಒಂದು ಹುಡುಗಿಗೆ ಕೊಡಿ, ಬ್ಯಾಂಕಲ್ಲಿ ಸಹಿ ಮಾಡೂ ಅಧಿಕಾರದ ಜೊತೆಗೆ. ಮೀಟಿಂಗು ರಾತ್ರಿ ಊಟ ಆದ್ಮೇಲೆ ಇಟ್ರೆ ಯಾವ ಮನೆಯೋರೂ ಕಳ್ಸೂದಿಲ್ಲ, ಅದನ್ನ ಹುಡುಗೀರಿಗೆ ಆಸಕ್ತಿ ಇಲ್ಲ ಅಂತ ತಿಳ್ಕೊಳ್ಬೇಡಿ. ಭಾನುವಾರ ಮಧ್ಯಾಹ್ನ ಶಾಲೆ ಜಗಲಿಲಿ ಇಡಿ. ಮೊದಲನೇ ಸಲ ಮನೆಗೇ ಹೋಗಿ ತಾಯಂದಿರ ಹತ್ರ ಮಾತಾಡಿ, ಊರಿನ ಅಂಗನವಾಡಿ ಅಕ್ಕೋರು ಜೊತೆಗಿದ್ರೆ ಅರ್ಧ ಕೆಲಸ ಆಯ್ತು. ಒಬ್ಳೇ ಬಂದ್ರೆ ನಿಲ್ಲೂದಿಲ್ಲ, ಮೂರ್ನಾಲ್ಕು ಜನ ಒಟ್ಟಿಗೆ ಬರೂ ಹಾಗೆ ನೋಡ್ಕೊಳ್ಳಿ. ಸಣ್ಣ ಕೇರಿ ಹುಡುಗ್ರದ್ದೂ ಇದೇ ಕಥೆ, ಕುರ್ಚಿ ಹೊರೂಕೆ ಕರೀತಾರೆ ಕಮಿಟಿಗೆ ಕರಿಯೂದಿಲ್ಲ, ಅದನ್ನೂ ಸರಿ ಮಾಡ್ದೆ ನಾಯಕತ್ವದ ಮಾತಾಡೂದ್ರಲ್ಲಿ ಎಂತ ಅರ್ಥ ಉಂಟು ಹೇಳಿ.

ಶಿರಸಿಯಿಂದ:
ಅರ್ಜಿ ಬರಿಯೋಕೆ ಬರಲ್ಲ ಅಂದ್ರಲ್ಲ, ಅದಕ್ಕೆ ಹೇಳ್ತೇನೆ. ನಮ್ಮ ಸಾಲ್ಕಣಿ ಸುತ್ತಿನ ಅಪ್ಪಿಕೋ ಚಳವಳಿ ಗೊತ್ತಲ್ಲ, 1983ರ ಸೆಪ್ಟೆಂಬರ್‌ನಲ್ಲಿ ಕಳಾಸೆ ಕಾಡಲ್ಲಿ ಜನ ಮರ ಅಪ್ಪಿ ನಿಂತಿದ್ದು. ಎಲ್ಲರಿಗೂ ಮರ ಅಪ್ಪಿದ್ದಷ್ಟೇ ನೆನಪು. ಆದ್ರೆ ಅದ್ರ ಹಿಂದೆ ಇದ್ದಿದ್ದು ಹಳ್ಳಿ ಯುವಕ ಮಂಡಳಿ ಹುಡುಗ್ರು, ಮೊದಲು ಅರಣ್ಯ ಇಲಾಖೆಗೆ ಮನವಿ ಕೊಟ್ಟು ಮರ ಕಡಿಯೋದು ನಿಲ್ಸಿ ಅಂತ ಕೇಳಿದ್ರು, ಅದಕ್ಕೆ ಬೆಲೆ ಸಿಗದೇ ಇದ್ದಾಗ ಹೆಂಗಸರು ಮಕ್ಕಳು ಎಲ್ಲ ಸೇರಿ ಕಾಡಿಗೆ ನಡೆದ್ರು, 38 ದಿನ ನಡೀತು, ಸರ್ಕಾರ ಕಡಿತ ನಿಲ್ಲಿಸ್ತು. ನಿಮ್ಮ ಊರಿನಂಥದ್ದೇ ಮಂಡಳಿಗಳು ಅವು. ಈ ಕಥೆನ ನಿಮ್ಮ ಹುಡುಗ್ರಿಗೆ ಹೇಳಿ, ನಮ್ಮ ಉತ್ತರ ಕನ್ನಡ ಜಿಲ್ಲೆದೇ, ದೂರದ್ದಲ್ಲ.

ಅರ್ಜಿ ಕಲಿಸೋಕೆ ನಿಜವಾದ ಅರ್ಜಿನೇ ಬರೆಸಿ. ಊರಿನ ಯಾವುದೋ ಒಂದು ಕೊರತೆ ಹಿಡಿರಿ, ಹಳ್ಳ ದಾಟೋ ಕಾಲುಸಂಕ ಮುರಿದದ್ದೋ, ಬಸ್ಸು ಬರದೇ ಇರೋದೋ. ಯಾರಿಗೆ ಬರಿಬೇಕು, ಪ್ರತಿ ಇಟ್ಕೊಳ್ಳೋದು, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳೋದು, ಉತ್ತರ ಬರದೇ ಇದ್ರೆ ಮತ್ತೆ ಹೋಗಿ ಕೇಳೋದು. ಸೀಲ್ ಬಿದ್ದ ಆ ಪ್ರತಿ ಕೈಲಿ ಹಿಡ್ಕೊಂಡು ಕಚೇರಿಯಿಂದ ಹೊರಗೆ ಬರೋ ಹುಡುಗನ ನಡಿಗೆನೇ ಬೇರೆ ಇರ್ತದೆ.

ಯಲ್ಲಾಪುರದಿಂದ:
ಅಮೆರಿಕದ ಹಳ್ಳಿ ಮಕ್ಕಳಿಗೆ 4-ಎಚ್ ಅಂತ ಕ್ಲಬ್ ಉಂಟು, 1902ರಲ್ಲಿ ಓಹಾಯೋದಲ್ಲಿ ಒಂದು ಶಾಲೆ ಮಕ್ಕಳ ಕ್ಲಬ್ಬಿಂದ ಬೆಳೆದದ್ದು. ಅಲ್ಲಿ ಪ್ರತಿ ಮಗುಗೂ ತನ್ನದೇ ಒಂದು ಪ್ರಾಜೆಕ್ಟ್, ಕರು ಸಾಕೋದೋ ಬೆಳೆ ಬೆಳಿಯೋದೋ, ಅದ್ರ ಖರ್ಚು-ಲಾಭದ ಪುಸ್ತಕ ತಾನೇ ಬರೀಬೇಕು. ನಾವು ಇದನ್ನ ಕಾಳುಮೆಣಸಿನ ಬಳ್ಳಿ ಸಸಿಗೆ ಮಾಡಿದ್ವಿ, ಒಬ್ಬೊಬ್ರಿಗೆ ಒಂದಿಷ್ಟು ಸಸಿ ಕೊಟ್ವಿ, ಮಾರಿದ ದುಡ್ಡು ಅವರದ್ದೇ. ಶಿರಸಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದ್ರೆ ತಾಂತ್ರಿಕ ಮಾಹಿತಿ ಸಿಗ್ತದೆ.

ಕಾರವಾರದಿಂದ:
ನಮ್ದು ಮೀನುಗಾರರ ಕೇರಿ. ದೊಡ್ಡ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಬಂದ್, ಹುಡುಗ್ರು ಮನೆಲೇ ಇರ್ತಾರೆ, ನಾವು ಕಲಿಸೂದೆಲ್ಲ ಆಗ್ಲೇ. ಘಟ್ಟದ ಮೇಲಿನೋರಿಗೆ ಅದೇ ಟೈಮಲ್ಲಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡಿಯೂ ಗಡಿಬಿಡಿ, ಅವ್ರಿಗೆ ಆಗೂದಿಲ್ಲ. ನಿಮ್ಮೂರಿನ ಹುಡುಗ್ರು ಯಾವಾಗ ಬಿಡುವು ಅಂತ ನೋಡಿ ಇಟ್ಕೊಳ್ಳಿ, ಜನವರಿ 12ರ ಯುವ ದಿನಕ್ಕೇ ಎಲ್ಲ ಮಾಡ್ಬೇಕಂತಿಲ್ಲ.

ನನ್ನ ಆಗ್ರಹ ಒಂದೇ, ಪ್ರಥಮ ಚಿಕಿತ್ಸೆ ಬಿಡ್ಬೇಡಿ. 2019ರಲ್ಲಿ ಗಂಗಾವಳಿ, ಕಾಳಿ ನದಿಗಳ ನೆರೆ ನೋಡಿದ್ವಿ, 2024ರ ಜುಲೈಲಿ ಅಂಕೋಲಾದ ಶಿರೂರು ಗುಡ್ಡ ಕುಸಿದದ್ದು ನೋಡಿದ್ವಿ. ಹೊರಗಿನ ಟೀಮ್ ಬರೂ ತನಕ ಊರಿನೋರೇ. ನೀರಲ್ಲಿ ಮುಳುಗಿದವ್ರನ್ನ ಮೇಲೆ ತಂದ್ರೆ ತಲೆಕೆಳಗೆ ಮಾಡಿ ಹೊಟ್ಟೆ ಒತ್ತೂದು ಇನ್ನೂ ನಡೀತದೆ, ಅದು ತಪ್ಪು, ಟೈಮ್ ಹಾಳು. ಉಸಿರು ಇಲ್ದಿದ್ರೆ ಬಾಯಿಂದ ಉಸಿರು ಕೊಡೂದು, ಎದೆ ಒತ್ತೂದು, 30 ಸಲ ಒತ್ತಿ 2 ಉಸಿರು, ಒಬ್ಬ 108ಕ್ಕೆ ಫೋನು. ಇದನ್ನ ಗೊಂಬೆ ಮೇಲೆ ಕೈಯಾರೆ ಮಾಡಿಸ್ಬೇಕು, ಗೊತ್ತಿರೂ ನರ್ಸೋ ಡಾಕ್ಟರೋ ಬಂದು ಕಲಿಸ್ಬೇಕು. ಗಾಬರಿ ಟೈಮಲ್ಲಿ "ನೀನು ಫೋನ್ ಮಾಡು, ನೀನು ಜನ ಸರಿಸು" ಅಂತ ಹೇಳೂಕೆ ಬಂದವನೇ ನನ್ನ ಲೆಕ್ಕದಲ್ಲಿ ಲೀಡರ್.

ಸಿದ್ದಾಪುರದಿಂದ, ಕಾಗದಪತ್ರದ ವಿಷಯ:
ಸಂಘ ನೋಂದಣಿ ಆಗಿದ್ಯಾ ನೋಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ 7 ಜನ ಬೇಕು, ಪ್ರತಿ ವರ್ಷ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಕೊಡ್ಬೇಕು. ಹಳೇ ಸಂಘಗಳಲ್ಲಿ ಇದೇ ನಿಂತು ಹೋಗಿರ್ತದೆ. 15ರಿಂದ 29 ವಯಸ್ಸಿನೋರಿಗೆ ಕೇಂದ್ರ ಸರ್ಕಾರದ ಮೇರಾ ಯುವ ಭಾರತ್ ಪೋರ್ಟಲ್ಲಲ್ಲೂ ಹೆಸರು ಹಾಕಿಸಿ.

ಕುಮಟಾ ಕಡೆಯಿಂದ, ಮತ್ತೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಒಂದೇ ಅನುಮಾನ, ನಮ್ಮ ಹಿರಿಯರು ಲೆಕ್ಕದ ಪುಸ್ತಕ ಬಿಟ್ಟು ಕೊಡೂದಿಲ್ಲ. ಕೇಳಿದ್ರೆ ನಮ್ಮ ಮೇಲೆ ನಂಬಿಕೆ ಇಲ್ವಾ ಅಂತಾರೆ.

ಅಂಕೋಲಾದಿಂದ:
ಕೇಳ್ಲೇ ಬೇಡಿ. ಸಂಘದ ದೊಡ್ಡ ಪುಸ್ತಕ ಅವ್ರ ಹತ್ರನೇ ಇರ್ಲಿ, ಅವ್ರು ಅಷ್ಟು ವರ್ಷ ಕೈಯಿಂದ ದುಡ್ಡು ಹಾಕಿ ನಡ್ಸಿದೋರು, ಆ ಮರ್ಯಾದೆ ಕೊಡ್ಲೇ ಬೇಕು. ಈ ಸಲದ ಟೂರ್ನಮೆಂಟಿನ ಊಟದ ಖರ್ಚು ಮಾತ್ರ ನಾವು ನೋಡ್ಕೊಳ್ತೇವೆ ಅನ್ನಿ, ಅದಕ್ಕೊಂದು ಬೇರೆ ಪುಸ್ತಕ, ಅಕ್ಕ ಹೇಳಿದ ಹಾಗೆ ಒಬ್ಬ ಹುಡುಗ ಒಬ್ಬ ಹುಡುಗಿ. ಅಕ್ಕಿ, ತೆಂಗಿನಕಾಯಿ, ಗ್ಯಾಸು, ಅಡುಗೆಯವ್ರ ಕೂಲಿ, ಪ್ರತಿಯೊಂದಕ್ಕೂ ರಸೀದಿ. ಓದೂ ದಿನ ಆ ಹಿರಿಯರನ್ನೇ ಕರೆದು ಮುಂದೆ ಕೂರ್ಸಿ, ಪ್ರಶ್ನೆ ಕೇಳೂದು ಅವ್ರದ್ದೇ ಹಕ್ಕು ಅಂತ ಹೇಳಿ. ಉಳಿದ ದುಡ್ಡು ಎಷ್ಟೇ ಇರ್ಲಿ, ಅಲ್ಲೇ ಎಲ್ರ ಎದುರು ಅವ್ರ ಕೈಗೆ ಎಣಿಸಿ ಕೊಟ್ಟು ಪುಸ್ತಕದಲ್ಲಿ ಅವ್ರದ್ದೇ ಸಹಿ ಹಾಕ್ಸಿಕೊಳ್ಳಿ. ಮುಂದಿನ ವರ್ಷ ಲೈಟು, ಪೆಂಡಾಲು ಕೇಳಿ.